ಕಡೆಗೆ ಉಳಿದ ಉಳಿ

ಕನ್ನಡದಲ್ಲಿ ಮೊಸರನ್ನೂ ಕಡೆಯುತ್ತಾರೆ, ಮರವನ್ನೂ ಕಡೆಯುತ್ತಾರೆ. ನಮ್ಮ ಮನೆಯಲ್ಲಿ ಮೊದಲನೆಯದು ನನ್ನಾಕೆಯ ಖಾತೆ. ಎರಡನೆಯದನ್ನು ನಿವೃತ್ತಿಯಾದ ಮೇಲೆ ನಾನೇ ಹೊಸದಾಗಿ ತೆರೆದುಕೊಂಡೆ. ಅವಳು ಕಡೆದರೆ ಬೆಣ್ಣೆ ಬರುತ್ತದೆ, ನಾನು ಕಡೆದರೆ ಹೊಟ್ಟು ಬರುತ್ತದೆ. ಈ ಲೆಕ್ಕವನ್ನು ಅವಳು ಹಿತ್ತಿಲ ವರಾಂಡ ಗುಡಿಸುವಾಗಲೆಲ್ಲ ನನಗೆ ಕೇಳುವಷ್ಟು ಗಟ್ಟಿಯಾಗಿ ಒಪ್ಪಿಸುತ್ತಾಳೆ.

ಶುರುವಾದದ್ದು ಮೊಮ್ಮಗನಿಂದ. ಬುಗುರಿ ಬೇಕೆಂದ. ಅಂಗಡಿಯಲ್ಲಿ 40 ರೂಪಾಯಿ. 'ದುಡ್ಡು ಯಾಕೆ ದಂಡ? ತಾತ ಮಾಡ್ಕೊಡ್ತೀನಿ, ತಾಳು' ಅಂದೆ. ಆ ಬುಗುರಿಗೆ ಇವತ್ತಿನವರೆಗೆ ಎಷ್ಟು ಬಿದ್ದಿದೆ ಎಂಬುದನ್ನು ನಾನು ಬರೆದಿಟ್ಟಿಲ್ಲ. ಬ್ಯಾಂಕಿನಲ್ಲಿ ಕೆಲಸ ಮಾಡಿದವನು ಯಾವುದನ್ನು ಬರೆದಿಡಬಾರದು ಎಂಬುದನ್ನೂ ಕಲಿತಿರುತ್ತಾನೆ.

ಲೇತ್ ಚಿಕ್ಕದು, ಮೇಜಿನ ಮೇಲೆ ಕೂರುವಂಥದ್ದು. ಅದರ ಬಗ್ಗೆ ನನಗೇನೂ ತಕರಾರಿಲ್ಲ. ಎಡವಿದ್ದು ಉಳಿಗಳಲ್ಲಿ. ಎಂಟು ಉಳಿಗಳ ಪೆಟ್ಟಿಗೆ, 1,600 ರೂಪಾಯಿ. ಭಾಗಿಸಿದೆ, ತಲಾ 200. ಇಷ್ಟು ಅಗ್ಗಕ್ಕೆ ಸೌಟೂ ಸಿಗುವುದಿಲ್ಲ ಎಂದುಕೊಂಡು ತಂದೆ. ಮುಚ್ಚಳ ತೆಗೆದರೆ ಕೆಂಪು ಮಖಮಲ್ಲಿನ ಮೇಲೆ ಎಂಟೂ ಅಷ್ಟದಿಕ್ಪಾಲಕರ ಹಾಗೆ ಪವಡಿಸಿದ್ದವು. ಒಂದರ ಬಾಯಿ ದುಂಡಗೆ, ಒಂದರದು ಓರೆ, ಇನ್ನೊಂದು ಈಟಿಯ ಹಾಗೆ. ಉಳಿದವುಗಳಲ್ಲಿ ಮೂರು ನನ್ನ ಕಣ್ಣಿಗೆ ಒಂದೇ ಥರ ಕಂಡವು. ಇವತ್ತಿಗೂ ಹಾಗೆಯೇ ಕಾಣುತ್ತವೆ.

ಮೊದಲು ಓರೆ ಉಳಿ ಎತ್ತಿಕೊಂಡೆ. ಅದನ್ನು ಸ್ಕ್ಯೂ ಅನ್ನುತ್ತಾರೆ. ನೋಡುವುದಕ್ಕೆ ಎಲ್ಲಕ್ಕಿಂತ ಸಾಧು. ಆದರೆ ಅದರ ಮೇಲಿನ ಮೊನೆ ತಿರುಗುವ ಮರಕ್ಕೆ ಒಂದು ಕೂದಲೆಳೆಯಷ್ಟು ತಗುಲಿದರೂ ಮರ ಅದನ್ನು ಕಚ್ಚಿ ಎಳೆದುಕೊಳ್ಳುತ್ತದೆ. ಫಟ್ ಎಂದಿತು. ಅರ್ಧಂಬರ್ಧ ಬುಗುರಿ ತುಳಸಿಕಟ್ಟೆ ದಾಟಿ ಕಾಂಪೌಂಡಿನ ಆಚೆ ಬಿತ್ತು. ಕಣ್ಣಿಗೆ ರಕ್ಷಣೆಯ ಕನ್ನಡಕವಿತ್ತು, ಮಾನಕ್ಕೆ ಏನೂ ಇರಲಿಲ್ಲ. ಪಕ್ಕದ ಮನೆಯವರು ಅದನ್ನು ಹಿಡಿದು ತಂದು, 'ಸಾರ್, ಚಾಟಿ ಇಲ್ದೇನೇ ಬಿಟ್ರಾ?' ಎಂದರು.

ಎರಡನೆಯ ದಿನಕ್ಕೆ ಎಂಟೂ ಮೊಂಡು. ಸಾಣೆ ಹಿಡಿಯದೆ ಗತಿಯಿರಲಿಲ್ಲ. 'ಗ್ರೈಂಡರ್ ತಗೋಬೇಕು ಕಣೇ' ಅಂದಾಗ ನನ್ನಾಕೆಯ ಮುಖ ಅರಳಿತು. ಎರಡು ವರ್ಷದಿಂದ ಇಡ್ಲಿ ಹಿಟ್ಟಿಗೆ ಮಿಕ್ಸಿಯಲ್ಲೇ ಒದ್ದಾಡುತ್ತಿದ್ದಳು. ಮನೆಗೆ ಬಂದ ಗ್ರೈಂಡರಿನಲ್ಲಿ ಪಾತ್ರೆಯೇ ಇಲ್ಲ, ಎರಡು ಕಡೆ ಎರಡು ಕಲ್ಲಿನ ಚಕ್ರ ಮಾತ್ರ. ಆ ವಾರದ ಊಟದ ವಿಚಾರ ಬೇಡ.

ಆ ಚಕ್ರಕ್ಕೆ ಉಳಿ ಒತ್ತಿದೆ. ಕಿಡಿ ಹಾರಿತು, ತುದಿ ಚೆಂದದ ನೀಲಿಗೆ ತಿರುಗಿತು. ನವಿಲುಗರಿಯ ಬಣ್ಣ ಎಂದು ಸಂಭ್ರಮಪಟ್ಟೆ. ಮಾಮೂಲಿ ಕಾರ್ಬನ್ ಸ್ಟೀಲು ನೀಲಿಯಾಯಿತೆಂದರೆ ಬಿಸಿಗೆ ಅದರ ಹದ ಹೋಯಿತು ಎಂದರ್ಥ. ಆಮೇಲೆ ಎಷ್ಟು ಮಸೆದರೂ ಬಾಯಿ ನಿಲ್ಲದು. ಹೈಸ್ಪೀಡ್ ಸ್ಟೀಲಾದರೆ ಆ ಕಾವನ್ನು ತಡೆದುಕೊಳ್ಳುತ್ತದೆ. ನನ್ನ 200 ರೂಪಾಯಿಯ ದಿಕ್ಪಾಲಕರು ಯಾವ ಜಾತಿಯವರೆಂದು ಬೇರೆ ಹೇಳಬೇಕಾಗಿಲ್ಲ.

ಕೊನೆಗೆ ಒಂದು ಉಳಿಯನ್ನು ಟವೆಲಿನಲ್ಲಿ ಸುತ್ತಿಕೊಂಡು ಚನ್ನಪಟ್ಟಣಕ್ಕೆ ಹೋದೆ. ಬೆಂಗಳೂರಿನಿಂದ ಅರವತ್ತು ಕಿಲೋಮೀಟರು. ಬೊಂಬೆಯ ಊರಿನಲ್ಲಿ ಬುಗುರಿಗೊಂದು ದಾರಿ ಸಿಗದಿದ್ದೀತೆ? ಒಂದು ಓಣಿಯಲ್ಲಿ ವಯಸ್ಸಾದ ಕಸುಬುದಾರರೊಬ್ಬರು ಆಲೆ ಮರದ ತುಂಡು ಕಡೆಯುತ್ತಿದ್ದರು. ಆಲದ ಮರವಲ್ಲ, ಆಲೆ ಮರ. ದಂತದ ಹಾಗೆ ಬಿಳಿ, ಉಳಿಗೆ ಮೆತ್ತಗೆ. ಅವರ ಹತ್ತಿರ ಇದ್ದದ್ದು ಮೂರೇ ಉಳಿ. ಕಪ್ಪು ಹಿಡಿದಿದ್ದವು, ಹಿಡಿಗಳು ಅಂಗೈಯ ಅಚ್ಚಿಗೆ ಸವೆದಿದ್ದವು. ನನ್ನದು ಮರವನ್ನು ಕೆರೆದು ಹೊಟ್ಟು ಉದುರಿಸುತ್ತಿತ್ತು, ಅವರದರ ಬಾಯಿಂದ ಹೆರೆದ ಕೊಬ್ಬರಿಯಂಥ ಸುರುಳಿ ಬರುತ್ತಿತ್ತು. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರು. ಉಜ್ಜಿದ ಬಿಸಿಗೇ ಅರಗು ಕರಗಿ ಹಳದಿ ಹರಡಿತು. ಕೇದಗೆ ಎಲೆ ಒತ್ತಿ ತಿಕ್ಕಿದರು, ಮಿರಿಮಿರಿ ಮಿಂಚಿತು. ಕರೆಂಟಿಲ್ಲದ ಕಾಲದಲ್ಲಿ ಬಿಲ್ಲಿನ ಹುರಿ ಸುತ್ತಿ ಹಿಂದೆ ಮುಂದೆ ಎಳೆದು ಮರ ತಿರುಗಿಸುತ್ತಿದ್ದರಂತೆ, ಥೇಟ್ ಕಡಗೋಲಿಗೆ ಹಗ್ಗ ಸುತ್ತಿ ಎಳೆದ ಹಾಗೆ. ಎರಡಕ್ಕೂ ಕನ್ನಡ ಒಂದೇ ಮಾತು ಇಟ್ಟುಕೊಂಡದ್ದು ಸುಮ್ಮನೆ ಅಲ್ಲ ಅನ್ನಿಸಿತು. ಪಂಡಿತರು ಬೇರೆ ಹೇಳಿದರೆ ಹೇಳಲಿ.

ನನ್ನ ಉಳಿ ತೋರಿಸಿದೆ. ಅದರ ಬಾಯನ್ನು ಹೆಬ್ಬೆರಳಿನ ಉಗುರಿನ ಮೇಲೆ ಮೆಲ್ಲಗೆ ಇಟ್ಟರು. ಹರಿತವಿದ್ದರೆ ಉಗುರಿಗೆ ಕಚ್ಚಿ ನಿಲ್ಲಬೇಕು. ಜಾರಿತು.

'ಏನು ಮಾಡ್ತೀರಿ ಸ್ವಾಮಿ ಇದ್ರಲ್ಲಿ?'

'ಬುಗುರಿ.'

'ಬ್ರೆಡ್ಡಿಗೆ ಬೆಣ್ಣೆ ಸವರೋಕೆ ಚೆನ್ನಾಗಿದೆ' ಎಂದು ವಾಪಸು ಕೊಟ್ಟರು. ಬೆಣ್ಣೆ ಅಲ್ಲೂ ನನ್ನನ್ನು ಬಿಡಲಿಲ್ಲ.

ಆಮೇಲೆ ಕೈ ಹಿಡಿದು ತೋರಿಸಿದರು. ಮೊದಲು ಉಳಿಯನ್ನು ಆನಿಕೆಯ ಮೇಲೆ ಭದ್ರವಾಗಿ ಕೂರಿಸಬೇಕು. ಅದರ ಇಳಿಜಾರು ಮರಕ್ಕೆ ಒರಗಬೇಕು. ಆಮೇಲೆ ಹಿಡಿಯನ್ನು ನಿಧಾನಕ್ಕೆ ಎತ್ತಿದರೆ ಬಾಯಿ ತಾನಾಗಿ ಮರ ಹಿಡಿಯುತ್ತದೆ. ನಾನು ಇಷ್ಟು ದಿನ ಬಾಯನ್ನೇ ಮೊದಲು ಕೊಡುತ್ತಿದ್ದೆ. ಮನೆಯಲ್ಲೂ ಅದೇ ಅಭ್ಯಾಸ.

ಈಗ ನನ್ನ ಬಳಿ ಇರುವುದು ಹೈಸ್ಪೀಡ್ ಸ್ಟೀಲಿನ ಮೂರು ಉಳಿ. ಮೂಲೆ ತೆಗೆದು ದುಂಡಗೆ ಮಾಡಲು ಮುಕ್ಕಾಲಿಂಚಿನ ರಫಿಂಗ್ ಗೌಜ್, ಹೊಟ್ಟೆ ಸೊಂಟ ತಿದ್ದಲು ಮೂರೆಂಟನೇ ಇಂಚಿನ ಸ್ಪಿಂಡಲ್ ಗೌಜ್, ತುಂಡರಿಸಲು ತೆಳ್ಳನೆಯ ಪಾರ್ಟಿಂಗ್. ಮೂರೂ ಸೇರಿ ಹಳೆಯ ಪೆಟ್ಟಿಗೆಯ ಮೂರರಷ್ಟಕ್ಕಿಂತ ಹೆಚ್ಚಾಯಿತು, ಆದರೂ ಅಗ್ಗವೇ ಎಂದು ವಾದಿಸಬಲ್ಲೆ. ಬುಗುರಿ, ಲಟ್ಟಣಿಗೆ, ಕೀಲಿಗೊಂಚಲಿನ ಗುಂಡು, ಎಲ್ಲಕ್ಕೂ ಇಷ್ಟು ಸಾಕು. ಬಟ್ಟಲಿಗೆ ಮಾತ್ರ ಆ ರಫಿಂಗ್ ಗೌಜ್ ಹಾಕಬಾರದು. ಹಿಡಿಯೊಳಗೆ ಸೇರುವ ಅದರ ಬಾಲ ತೆಳ್ಳಗಿರುತ್ತದೆ, ಲಟಕ್ಕನೆ ಮುರಿದೀತು. ಗುಜರಿಯಲ್ಲಿ ಸಿಗುವ ಹಳೆಯ ಅರವನ್ನು ಮಸೆದು ಉಳಿ ಮಾಡಿಕೊಳ್ಳುವ ಆಸೆಯೂ ಒಮ್ಮೆ ಬಂದಿತ್ತು. ಅರ ಗಡಸು, ಆದರೆ ಗಾಜಿನ ಸ್ವಭಾವ, ಮುರಿದು ಮುಖಕ್ಕೇ ಬರುತ್ತದೆ. ಅದಕ್ಕಿಂತ ಬೆಂಗಳೂರಿನ ಎಸ್.ಜೆ.ಪಿ. ರಸ್ತೆಯಲ್ಲಿ ಕಬ್ಬಿಣ ಕಡೆಯುವವರಿಗೆಂದು ಮಾರುವ ಕಾಲಿಂಚಿನ ಟೂಲ್ ಬಿಟ್ ತಂದು, ದಪ್ಪ ಸರಳಿನ ತುದಿಗೆ ತಿರುಪು ಹಾಕಿ ಬಿಗಿದರೆ ಒಳ್ಳೆಯ ಕೆರೆಯುವ ಉಳಿಯಾಗುತ್ತದೆ. ನಾನು ಮಾಡಿಕೊಂಡಿದ್ದೇನೆ, ನೋಡಲು ಮಾತ್ರ ದನದ ಗೂಟದ ಹಾಗಿದೆ.

ಬುಗುರಿ ತಯಾರಾಯಿತು. ತಿರುಗುತ್ತದೆ, ಕೊಂಚ ಕುಡಿದವರ ಹಾಗೆ. ಅಷ್ಟರಲ್ಲಿ ಮೊಮ್ಮಗನ ಚಿತ್ತ ಗಾಳಿಪಟದ ಕಡೆ ಹೊರಳಿತ್ತು.

ಎಂಟು ದಿಕ್ಪಾಲಕರಲ್ಲಿ ಒಬ್ಬನು ಪೇಂಟ್ ಡಬ್ಬ ತೆರೆಯುತ್ತಾನೆ, ಒಬ್ಬನು ಗುಲಾಬಿ ಗಿಡದ ಬುಡ ಕೆದಕುತ್ತಾನೆ. ಓರೆ ಉಳಿ ಹೇಗೋ ಅಡುಗೆಮನೆ ಸೇರಿ ಅಚ್ಚು ಬೆಲ್ಲ ಒಡೆಯುತ್ತಿದೆ. ಮೊನ್ನೆ ಒಳಗಿನಿಂದ ಕೂಗು ಬಂತು:

'ರೀ, ಇದು ಮೊಂಡಾಗಿದೆ, ನಿಮ್ಮ ಗ್ರೈಂಡರಿನಲ್ಲಿ ಒಂಚೂರು ಸಾಣೆ ಹಿಡ್ಕೊಡಿ. ನೀಲಿ ಮಾಡಬೇಡಿ.'