ಆರಾಮದ ಟೈಮ್‌ಟೇಬಲ್ಲು

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲು ಕಡೆ ಊರಿಗೊಬ್ಬ ಪ್ಲಾನ್ ಮಾಸ್ತರು ಇದ್ದೇ ಇರುತ್ತಾರೆ. ವೃತ್ತಿಯಿಂದ ಮಾಸ್ತರೇ ಆಗಿರಬೇಕೆಂದಿಲ್ಲ. ಪತ್ತಿನ ಸಂಘದ ಕ್ಲಾರ್ಕು, ಎಲ್‌ಐಸಿ ಏಜೆಂಟು, ಸೀರೆ ಅಂಗಡಿ ಮಾಲಕ, ಯಾರೂ ಆಗಬಹುದು. ಗುರುತು ಒಂದೇ: ಯಾರಾದರೂ ‘ಎರಡ ದಿನಾ ಎಲ್ಲ್ಯರೆ ಹೋಗಿ ಬರೂಣು’ ಎಂದು ಬಾಯಿ ತೆಗೆದರೆ ಸಾಕು, ಇವರ ಕಿಸೆಯಿಂದ ಪೆನ್ನು ಹೊರಗೆ ಬರುತ್ತದೆ. ಅಂದವರು ಹೋಗುತ್ತಾರೋ ಬಿಡುತ್ತಾರೋ, ಪಟ್ಟಿಯಂತೂ ತಯಾರಾಗುತ್ತದೆ.

ಬೇವೂರಿನವರು ವೃತ್ತಿಯಿಂದಲೂ ಮಾಸ್ತರೇ. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳುತ್ತಾರೆ. ಜೂನ್ ಬಂತೆಂದರೆ ಇಡೀ ಶಾಲೆಯ ವೇಳಾಪಟ್ಟಿ ಬರೆಯುವ ಕೆಲಸ ಇವರದೇ. ಯಾವ ಮಾಸ್ತರಿಗೂ ಎರಡು ಪಿರಿಯಡ್ ಒಟ್ಟಿಗೆ ಖಾಲಿ ಸಿಗದಂತೆ ಹೊಂದಿಸುವುದರಲ್ಲಿ ಅವರ ಕೈ ಹಿಡಿಯುವವರಿಲ್ಲ. ಅದೇ ಕೈ ರಜೆಗೂ ತಿರುಗಿತು. ‘ಈ ಸಲ ಆರಾಮ ಮಾಡೂದು. ಎಲ್ಲೂ ಓಡಾಡೂದಿಲ್ಲ, ನಾಕ ದಿನಾ ಸುಮ್ನ ಸಮುದ್ರದ ದಂಡ್ಯಾಗ ಕುಂಡ್ರೂದು’ ಎಂದು ಮನೆಯಲ್ಲಿ ಘೋಷಿಸಿದ ರಾತ್ರಿಯೇ ಆ ಸುಮ್ಮನೆ ಕೂಡ್ರುವುದಕ್ಕೆ ಗೆರೆ ಹೊಡೆದ ಹಾಳೆ ಸಿದ್ಧವಾಗಿತ್ತು.

ಸಮುದ್ರ ಅಂದದ್ದು ಗೋವಾ ಅಲ್ಲ, ಮುರ್ಡೇಶ್ವರವೂ ಅಲ್ಲ. ಗ್ರೀಸ್ ದೇಶದ ಸ್ಯಾಂಟೊರಿನಿ. ಬಿಳಿ ಗೋಡೆ, ನೀಲಿ ಗುಮ್ಮಟ, ಕೆಳಗೆ ಅದಕ್ಕಿಂತ ನೀಲಿ ನೀರು ಇದ್ದ ಒಂದು ವಿಡಿಯೊ ಮಗಳ ಮೊಬೈಲಿನಲ್ಲಿ ಕಂಡದ್ದೇ ನೆಪ. ವಾರದೊಳಗೆ ಮಾಸ್ತರು ಆ ದ್ವೀಪದ ತಲಾಟಿಗಿಂತ ಹೆಚ್ಚು ತಿಳಿದುಕೊಂಡರು. ಸುಮಾರು 3,600 ವರ್ಷಗಳ ಹಿಂದೆ ಜ್ವಾಲಾಮುಖಿ ಸಿಡಿದು ನಡುಭಾಗ ಕುಸಿದು ಸಮುದ್ರ ಒಳಗೆ ನುಗ್ಗಿದ್ದು, ಉಳಿದ ಅಂಚಿನ ಮೇಲೆ ಜನ ಮನೆ ಕಟ್ಟಿಕೊಂಡದ್ದು, ಅಥೆನ್ಸ್ ಹತ್ತಿರದ ಪಿರೇಯಸ್ ಬಂದರಿನಿಂದ ಹಡಗು ಹತ್ತಬೇಕಾದದ್ದು, ಬೇಸಿಗೆಯಲ್ಲಿ ‘ಮೆಲ್ಟೆಮಿ’ ಎಂಬ ಬಡಗಣ ಗಾಳಿ ಎದ್ದರೆ ಹಡಗೇ ರದ್ದಾಗುವುದು, ಎಲ್ಲವೂ ನೋಟ್‌ಬುಕ್ಕಿಗೆ ಇಳಿಯಿತು. ಮೆಲ್ಟೆಮಿಗೆಂದೇ ಒಂದು ಬೇರೆ ಹಾಳೆ, ‘ಪ್ಲಾನ್ ಬಿ’.

ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಇದರ ಮೊದಲ ವಾಚನ ನಡೆಯಿತು.

‘ಅಲ್ಲಿ ಹೋಗಿ ಏನ್ ಮಾಡ್ತೀರಿ ಸರ?’

‘ಏನೂ ಮಾಡಂಗಿಲ್ಲ.’

‘ಏನೂ ಮಾಡ್ಲಾರದ್ದಕ್ಕ ಅಷ್ಟು ದೂರ ಯಾಕ್ ಹೋಗ್ಬೇಕ್ರೀ? ನಾವು ಇಲ್ಲೇ ಮಾಡಾಕ ಹತ್ತೀವಲ್ಲ!’

ಮಾಸ್ತರು ಜಗ್ಗಲಿಲ್ಲ. ಹಳೆಯ ಬಂದರಿನಿಂದ ಫಿರಾ ಊರಿಗೆ ಆರುನೂರರ ಹತ್ತಿರ ಮೆಟ್ಟಿಲಿವೆ. ಹತ್ತಲಾರದವರಿಗೆ ಕತ್ತೆ ಸವಾರಿ ಉಂಟು. ಆದರೆ 2018ರಲ್ಲಿ ಗ್ರೀಸ್ ಸರಕಾರ ಕತ್ತೆಯ ಮೇಲೆ ನೂರು ಕಿಲೋಕ್ಕಿಂತ ಹೆಚ್ಚು ಹೊರೆ ಹೇರಬಾರದೆಂದು ನಿಯಮ ಮಾಡಿದೆ ಎಂದು ವಿವರಿಸಿದರು. ಕಟ್ಟೆಯ ತುದಿಯಲ್ಲಿ ಇಬ್ಬರ ಜಾಗ ಹಿಡಿದು ಕೂತಿದ್ದ ಗೊಬ್ಬರದಂಗಡಿ ಸಾಹುಕಾರರು ಒಮ್ಮೆಲೇ ಎಚ್ಚರಾದರು. ‘ನೂರಾ ನಾಕು ಇದ್ರ?’ ಆ ಸಂಜೆ ಗ್ರೀಸಿನ ಬಗ್ಗೆ ಬೇರಾವ ಚರ್ಚೆಯೂ ಮುಂದುವರಿಯಲಿಲ್ಲ.

ಆದರೂ ಈ ಪ್ಲಾನಿನ ಸುಖದ ತುತ್ತತುದಿ ಬಂದದ್ದು ವೀಸಾ ಭಾಗದಲ್ಲಿ. ಗ್ರೀಸ್ ಷೆಂಗೆನ್ ಕೂಟದ ದೇಶ. ದೊಡ್ಡವರಿಗೆ ತಲಾ 90 ಯೂರೊ, ಆರರಿಂದ ಹನ್ನೆರಡರೊಳಗಿನ ಮಕ್ಕಳಿಗೆ 45. ಕನಿಷ್ಠ 30,000 ಯೂರೊ ಮೊತ್ತದ ಪ್ರವಾಸ ವಿಮೆ, ಹೋಟೆಲ್ ಬುಕಿಂಗ್, ಬ್ಯಾಂಕಿನ ಲೆಕ್ಕ, ಕೆಲಸದ ಕಡೆಯಿಂದ ರಜೆ ಮಂಜೂರಾದ ಪತ್ರ. ಇವುಗಳ ಜೊತೆಗೆ ಇನ್ನೊಂದು: ಯಾವ ದಿನ ಎಲ್ಲಿರುತ್ತೀರಿ ಎಂಬ ದಿನವಾರು ಪಟ್ಟಿ. ಮಾಸ್ತರು ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದರು. ಇಷ್ಟು ವರ್ಷ ಹೆಂಡತಿ ಓದದೆ ಡಬ್ಬಿಯ ಕೆಳಗೆ ಹಾಸಿದ, ಮಕ್ಕಳು ವಿಮಾನ ಮಾಡಿ ಹಾರಿಸಿದ ಅವರ ಹಾಳೆಗಳನ್ನು ತಾನಾಗಿಯೇ ಕೇಳಿ ಇಸಿದುಕೊಳ್ಳುವ, ಅದಿಲ್ಲದಿದ್ದರೆ ಅರ್ಜಿಯನ್ನೇ ಮುಟ್ಟದ ಒಂದು ವ್ಯವಸ್ಥೆ ಭೂಮಿಯ ಮೇಲಿತ್ತು! ಹದಿನಾರು ಪುಟ ಬರೆದರು. ಗ್ರೀಕರು ಒಂದು ಪುಟ ಕೇಳಿದ್ದರು.

ಮನೆಯವರು ಇಷ್ಟೆಲ್ಲ ಕೇಳಿ ಒಂದೇ ಪ್ರಶ್ನೆ ಹಾಕಿದರು. ‘ಅಲ್ರೀ, ಉಣ್ಣಾಕ ಏನು?’

ಅದಕ್ಕೂ ಹಾಳೆ ಇತ್ತು. ಸ್ಯಾಂಟೊರಿನಿಯ ಹೆಸರುವಾಸಿ ಅಡುಗೆ ‘ಫಾವಾ’: ಅಲ್ಲಿಯೇ ಬೆಳೆಯುವ ಹಳದಿ ಬೇಳೆಯನ್ನು ಬೇಯಿಸಿ ನುಣ್ಣಗೆ ಅರೆದು, ಮೇಲೆ ಆಲಿವ್ ಎಣ್ಣೆ, ಹೆಚ್ಚಿದ ಉಳ್ಳಾಗಡ್ಡಿ. ಶುದ್ಧ ಸಸ್ಯಾಹಾರಿ.

‘ಜುಣಕಾ ತಿನ್ನಾಕ ವಿಮಾನದಾಗ ಹೋಗ್ಬೇಕ?’ ಎಂದು ಅವರು ಒಳಗೆ ಹೋದರು. ಮಾಸ್ತರ ತಾಯಿಯದು ಬೇರೆ ಅಡ್ಡಿ. ಪಾಸ್‌ಪೋರ್ಟ್ ಇಲ್ಲ, ಬೇಕೂ ಇಲ್ಲ. ‘ತಮ್ಮಾ, ಬಾದಾಮ್ಯಾಗ ಗುಡಿ ನೋಡಾಕ ಮೆಟ್ಟಲಾ ಹತ್ತಿಸಿದಿ, ವಾರಗಟ್ಲೆ ಮಣಕಾಲು ಹಿಡ್ಕೊಂಡಿದ್ದೆ. ಆ ಕತ್ತಿ ಮ್ಯಾಲೆ ನೀನ ಕುಂಡ್ರು.’

ಇಂಥ ಹೊತ್ತಿನಲ್ಲಿ ಪ್ಲಾನ್ ಮಾಸ್ತರು ಇತಿಹಾಸಕ್ಕೆ ಕೈ ಹಾಕುತ್ತಾರೆ. ಬಾಗಲಕೋಟೆ ಜಿಲ್ಲೆಯಲ್ಲಿ ಅದಕ್ಕೆ ಬರವಿಲ್ಲ. ‘ನಮ್ಮವರಿಗೆ ದ್ವೀಪ ಹೊಸದಲ್ಲ’ ಎಂದು ಶುರು. 634ರಲ್ಲಿ ರವಿಕೀರ್ತಿ ಐಹೊಳೆಯ ಮೇಗುತಿ ಬಸದಿಯ ಗೋಡೆಗೆ ಬರೆಸಿದ ಶಾಸನದಲ್ಲೇ ಇದೆಯಲ್ಲ: ಬಾದಾಮಿಯ ಮಂಗಳೇಶ ಸೈನ್ಯ ಕಟ್ಟಿಕೊಂಡು ರೇವತಿದ್ವೀಪ ಗೆದ್ದ, ಅವನ ಅಣ್ಣನ ಮಗ ಇಮ್ಮಡಿ ಪುಲಕೇಶಿ ನೂರಾರು ಹಡಗು ನುಗ್ಗಿಸಿ ಪಶ್ಚಿಮ ಸಮುದ್ರದ ಪುರಿಯನ್ನು ಹಿಡಿದ. ಆ ಪುರಿ ಮುಂಬಯಿ ಹತ್ತಿರದ ಘಾರಾಪುರಿ ದ್ವೀಪವೇ ಎಂದು ಹೇಳುವ ವಿದ್ವಾಂಸರುಂಟು. ಮಲಪ್ರಭೆಯ ದಂಡೆಯವರು ಆ ಕಾಲಕ್ಕೇ ಸಮುದ್ರಕ್ಕೆ ಇಳಿದಿದ್ದರು ಎಂಬುದು ಮಾಸ್ತರ ವಾದ. ಚಾಲುಕ್ಯರು ಇಳಿದದ್ದು ಯುದ್ಧಕ್ಕೆ, ಆರಾಮಕ್ಕಲ್ಲ, ಎಂದು ಮಗಳು ಹೇಳಿದಳು. ಅಪ್ಪನ ಹಾಳೆ ನೋಡಿದವರಿಗೆ ವ್ಯತ್ಯಾಸ ಅಷ್ಟೇನೂ ಕಾಣಿಸುತ್ತಿರಲಿಲ್ಲ.

ಸ್ಯಾಂಟೊರಿನಿಯನ್ನು ಕೊನೆಗೆ ಕೈಬಿಡಿಸಿದ್ದು ಭೂಮಿತಾಯಿ. 2025ರ ಫೆಬ್ರುವರಿಯಲ್ಲಿ ಆ ದ್ವೀಪದ ಸುತ್ತ ಭೂಕಂಪಗಳ ಸರಣಿ ಜೋರಾಗಿ ಹನ್ನೊಂದು ಸಾವಿರಕ್ಕೂ ಹೆಚ್ಚು ಜನ ಊರು ಬಿಟ್ಟರು. ತುರ್ತು ಪರಿಸ್ಥಿತಿ ಘೋಷಣೆಯಾಯಿತು. ಟಿವಿಯಲ್ಲಿ ಹಡಗು ಹತ್ತಲು ಸಾಲು ನಿಂತವರನ್ನು ನೋಡಿ ತಾಯಿ ಮಗನ ಕಡೆ ತಿರುಗಿ ಏನೂ ಅನ್ನಲಿಲ್ಲ, ಅದೇ ಹೆಚ್ಚಾಯಿತು. ಮಾಸ್ತರು ಮಾತ್ರ ಸೋಲೊಪ್ಪಿಕೊಳ್ಳುವ ಬದಲು ತಮ್ಮದೇ ಅಂಕಿ ಮುಂದಿಟ್ಟರು: ಹೇಗೂ ಅಲ್ಲಿ ಗದ್ದಲ ಜಾಸ್ತಿ, ವರ್ಷಕ್ಕೆ ಮೂವತ್ತು ಲಕ್ಷದ ಮೇಲೆ ಜನ ಬರುತ್ತಾರೆ, ವಿಹಾರದ ಹಡಗಿನಿಂದ ದಿನಕ್ಕೆ 8,000 ಜನಕ್ಕಿಂತ ಹೆಚ್ಚು ಇಳಿಯಬಾರದೆಂದು ಮಿತಿ ಹಾಕಿದ್ದಾರೆ, ಸೂರ್ಯ ಮುಳುಗುವುದನ್ನು ನೋಡಲು ಇಯಾ ಹಳ್ಳಿಯ ಓಣಿಗಳಲ್ಲಿ ಬನಶಂಕರಿ ಜಾತ್ರೆಯ ತೇರಿನ ಹೊತ್ತಿನಂತೆ ತಳ್ಳಾಟ. ಹಾಗಿದ್ದ ಮೇಲೆ ಇಷ್ಟು ತಿಂಗಳು ಅಲ್ಲಿಗೇ ಯಾಕೆ ಹೊರಟಿದ್ದಿರಿ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಹಾಳೆ ಇತ್ತು.

ಹೊಸ ದ್ವೀಪ ಬೇಗ ಸಿಕ್ಕಿತು: ಉಡುಪಿಯ ಮಲ್ಪೆ ಎದುರಿನ ಸೇಂಟ್ ಮೇರೀಸ್. ಇದೂ ಲಾವಾದಿಂದ ಹುಟ್ಟಿದ್ದೇ, ಮಾಸ್ತರ ಮರ್ಯಾದೆಗೆ ಕುಂದಿಲ್ಲ. ವೀಸಾ ಬೇಡ, ಕತ್ತೆ ಇಲ್ಲ. ದಸರಾ ರಜೆಗೆ ಎಂದು ಗೊತ್ತಾಯಿತು. ಮಳೆಗಾಲದಲ್ಲಿ ದೋಣಿ ನಿಲ್ಲುತ್ತವೆ, ಅಕ್ಟೋಬರಿಗೆ ಸಮುದ್ರ ಶಾಂತವಾಗಿರುತ್ತದೆ, ಎಲ್ಲ ಲೆಕ್ಕ ಸರಿ ಇತ್ತು. ಲೆಕ್ಕಕ್ಕೆ ಸಿಗದ್ದು ಸರಕಾರ. 2025ರ ಸೆಪ್ಟೆಂಬರ್ 22ರಿಂದ ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆ ಶುರುವಾಗಿ ಶಾಲಾ ಮಾಸ್ತರುಗಳು ಮೊಬೈಲು ಹಿಡಿದು ಮನೆಮನೆ ತಿರುಗಿದರು. ಒಂದೊಂದು ಮನೆಗೆ ಅರವತ್ತು ಪ್ರಶ್ನೆ. ರಜೆಯನ್ನು ಅಕ್ಟೋಬರ್ 18ರವರೆಗೆ ಬೆಳೆಸಿದರು, ಆದರೆ ಅದು ಮಕ್ಕಳಿಗೆ. ಮಾಸ್ತರು ಅರವತ್ತು ಪ್ರಶ್ನೆ ಕೇಳಿ ಮುಗಿಸಿದ ಮನೆಯ ಅಂಗಳದಲ್ಲಿ ಯಜಮಾನ ಕೊನೆಗೆ ಒಂದೇ ಪ್ರಶ್ನೆ ತಿರುಗಿ ಕೇಳುತ್ತಿದ್ದ: ‘ಸರ, ಗ್ರೀಸ್‌ದಿಂದ ಯಾವಾಗ ಬಂದ್ರಿ?’

ಕ್ಯಾಲೆಂಡರ್ ಮತ್ತೆ ಮಗುಚಲಾಯಿತು. ಆ ವರ್ಷ ಕ್ರಿಸ್‌ಮಸ್ ಗುರುವಾರ. ಶುಕ್ರವಾರಕ್ಕೊಂದು ಸಿ.ಎಲ್., ಶನಿವಾರಕ್ಕೊಂದು ಸಿ.ಎಲ್., ಆಮೇಲೆ ಭಾನುವಾರ. ಎರಡು ಕೊಟ್ಟು ನಾಲ್ಕು ಪಡೆಯುವ ಈ ವ್ಯವಹಾರ ತಮಗೊಬ್ಬರಿಗೇ ಹೊಳೆದಿದೆ ಎಂಬ ಗುಮಾನಿಯಲ್ಲಿ ಅವರು ಸಹೋದ್ಯೋಗಿಗಳ ಮುಂದೆ ಬಾಯಿ ಬಿಡಲಿಲ್ಲ.

ಹೊರಡುವ ದಿನದ ಹಾಳೆಗೆ ಬಾಗಲಕೋಟೆಗೆ ಹೋಗಿ ಲ್ಯಾಮಿನೇಶನ್ ಮಾಡಿಸಿದ್ದರು. ಅದರ ಒಂದು ತುಣುಕು ಹೀಗಿತ್ತು: ‘4.00 ಏಳುವುದು. 4.00–4.20 ಚಹಾ (ಮಾತಿಲ್ಲ). 5.00 ಗಾಡಿ ಬಿಡುವುದು. 8.00–8.25 ಹುಬ್ಬಳ್ಳಿ, ಇಡ್ಲಿ ಮಾತ್ರ, ದೋಸೆ ತಡ ಆಗುತ್ತದೆ. 10.00–10.10 ಯಲ್ಲಾಪುರ, ಮೂತ್ರ. 10.40 ಅರಬೈಲ್ ಘಟ್ಟ, ನಿಸರ್ಗ ಸೌಂದರ್ಯ ನೋಡುವುದು (ಗಾಡಿಯೊಳಗಿಂದ).’ ಮರುದಿನದ ಮಲ್ಪೆಯ ಭಾಗದಲ್ಲಿ ಕೆಂಪು ಮಸಿಯಲ್ಲಿ: ‘2.00–2.45 ಆರಾಮ. ಕಡ್ಡಾಯ.’

ಗಾಡಿಯಲ್ಲಿ ಕಟಕ ರೊಟ್ಟಿಯ ಡಬ್ಬಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಶೇಂಗಾ ಹೋಳಿಗೆ, ಮೊಸರು. ಹಾಳೆಯಲ್ಲಿ ಇವಾವವೂ ಇರಲಿಲ್ಲ. ಇವು ಮನೆಯವರ ಪ್ಲಾನು, ಬರೆದದ್ದಲ್ಲ, ತಪ್ಪಿದ್ದೂ ಇಲ್ಲ. ಅಂಕೋಲಾ ದಾಟಿ ಕುಮಟಾ ಮುಟ್ಟುವಷ್ಟರಲ್ಲಿ ಹಾಳೆಗೂ ಗಡಿಯಾರಕ್ಕೂ ಎರಡು ತಾಸಿನ ಅಂತರ ಬಿದ್ದಿತ್ತು. ಹಿಂದಿನ ಸೀಟಿನಲ್ಲಿ ತಾಯಿ ಎರಡನೆಯ ಹೋಳಿಗೆ ಮುರಿಯುತ್ತ ಹೊನ್ನಾವರದ ಶರಾವತಿ ಸೇತುವೆ ನೋಡಿ ‘ಎಷ್ಟು ನೀರವ್ವಾ!’ ಎಂದರು. ನಿಸರ್ಗ ಸೌಂದರ್ಯ ಆಗಲೇ 10.40ಕ್ಕೆ ಮುಗಿದಿದ್ದರಿಂದ ಮಾಸ್ತರು ಪ್ರತಿಕ್ರಿಯಿಸಲಿಲ್ಲ.

ಮರುದಿನ ಮಲ್ಪೆಯಲ್ಲಿ ಗಾಡಿ ನಿಲ್ಲಿಸಲು ಜಾಗ ಹುಡುಕುವಾಗ ಅವರ ಮುಖ ಸಣ್ಣದಾಯಿತು. ಕೆಎ-29, ಕೆಎ-29, ಕೆಎ-28, ಕೆಎ-25, ಮತ್ತೆ ಕೆಎ-29. ಉಡುಪಿಯ ಕೆಎ-20 ಹುಡುಕಿ ತೆಗೆಯಬೇಕಿತ್ತು. ಎರಡು ಸಿ.ಎಲ್. ಕೊಟ್ಟು ನಾಲ್ಕು ದಿನ ಪಡೆಯುವ ವಿದ್ಯೆ ಇಡೀ ಉತ್ತರ ಕರ್ನಾಟಕಕ್ಕೆ ಒಂದೇ ರಾತ್ರಿ ಹೊಳೆದಿತ್ತು. ದೋಣಿಯ ಸಾಲಿನಲ್ಲಿ ‘ಏ, ಮುಂದ ಸರಿಯೋ’ ಎಂಬುದಕ್ಕೆ ‘ಸರದೇನಿ ತಡಿಯಪಾ’ ಎಂಬ ಉತ್ತರ. ಕಣ್ಣು ಮುಚ್ಚಿದರೆ ಹುನಗುಂದದ ಸಂತೆ.

ದ್ವೀಪ ಮಾತ್ರ ಮೋಸ ಮಾಡಲಿಲ್ಲ. ದೋಣಿ ಇಳಿದರೆ ಕಾಲಡಿ ಉಸುಕಿಗಿಂತ ಕಪ್ಪೆಚಿಪ್ಪಿನ ಚೂರೇ ಹೆಚ್ಚು. ಅದರಾಚೆ ಆರು ಮೂಲೆಯ ಕಲ್ಲಿನ ಕಂಬಗಳು, ಯಾರೋ ಕಡೆದು ಒತ್ತೊತ್ತಾಗಿ ನಿಲ್ಲಿಸಿದ ಹಾಗೆ. ಮಾಸ್ತರು ತಡವಾದದ್ದನ್ನೆಲ್ಲ ಮರೆತು ಪಾಠಕ್ಕೆ ನಿಂತರು: ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ನಮ್ಮ ಭೂಮಿಯಿಂದ ಬೇರ್ಪಡುತ್ತಿದ್ದ ಕಾಲಕ್ಕೆ ಉಕ್ಕಿದ ಲಾವಾ. ಆರುತ್ತ ಕುಗ್ಗಿ, ಕುಗ್ಗುತ್ತ ಸೀಳಿ ಹೀಗೆ ಕಂಬಕಂಬವಾಯಿತು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದಿದೆ. 1498ರಲ್ಲಿ ವಾಸ್ಕೋ ಡ ಗಾಮಾ ಇಲ್ಲಿ ಇಳಿದು ಹೆಸರಿಟ್ಟನೆಂದು ಹೇಳುತ್ತಾರೆ. ಪಾಠ ಚೆನ್ನಾಗಿತ್ತು. ಅಪರಿಚಿತ ಹುಡುಗರಿಬ್ಬರು ಸೆಲ್ಫಿ ಬಿಟ್ಟು ಕೇಳಿದರು. ಮಾಸ್ತರ ಮಗ ಒಂದು ಕಂಬದ ಮೇಲೆ ಕುಳಿತು ರೊಟ್ಟಿ ಮುರಿದ. ತಾಯಿ ತೆಂಗಿನ ನೆರಳಿನಲ್ಲಿ ಕಾಲು ಚಾಚಿ, ಸೆರಗು ಮುಖದ ಮೇಲೆಳೆದು ಯಾವ ಹಾಳೆಯ ಅಪ್ಪಣೆಯೂ ಇಲ್ಲದೆ ನಿದ್ದೆ ಹೋದರು. ಗಂಟೆ ಒಂದೂವರೆ; ಕೆಂಪು ಮಸಿಯ ಆರಾಮಕ್ಕೆ ಇನ್ನೂ ಅರ್ಧ ತಾಸಿತ್ತು. ಎಬ್ಬಿಸುವುದೋ ಬಿಡುವುದೋ ಎಂದು ಮಾಸ್ತರು ಒಂದು ಗಳಿಗೆ ಯೋಚಿಸಿದರು.

ದ್ವೀಪದಲ್ಲಿ ರಾತ್ರಿ ಉಳಿಯುವಂತಿಲ್ಲ. ಸಂಜೆ ಮರಳಿ ಮಲ್ಪೆಯ ದಂಡೆಗೆ ಬಂದು, ಹಾಳೆಯ ಪ್ರಕಾರ ಸೂರ್ಯಾಸ್ತ ನೋಡಲು ಸೀ ವಾಕ್ ಕಡೆ ಹೊರಟಾಗ ಎದುರಿಗೊಬ್ಬ ಮನುಷ್ಯ ಸಿಕ್ಕ. ತೋಳಿಲ್ಲದ ಸ್ವೆಟರು, ಕೊರಳಲ್ಲಿ ದುರ್ಬೀನು, ಕೈಯಲ್ಲಿ ಹೊಳೆಯುವ ಲ್ಯಾಮಿನೇಶನ್ ಹಾಳೆ. ಇಳಕಲ್ಲಿನವರು, ಪತ್ತಿನ ಸಂಘದಲ್ಲಿ ನೌಕರಿ. ಇಬ್ಬರೂ ಮೊದಲು ಪರಸ್ಪರರ ಹಾಳೆ ನೋಡಿಕೊಂಡರು, ಆಮೇಲೆ ಮುಖ.

‘ಹುಬ್ಬಳ್ಳ್ಯಾಗ ಎಷ್ಟು ನಿಂದ್ರಿಸಿದ್ರಿ?’

‘ಇಪ್ಪತ್ತೈದು ನಿಮಿಷ.’

‘ನಾವು ಇಪ್ಪತ್ತು. ಇಡ್ಲಿ ಪಾರ್ಸಲ್ ತಗೊಂಡ್ವಿ.’

ಪಾರ್ಸಲ್! ಮಾಸ್ತರು ಕಿಸೆಯಿಂದ ಪೆನ್ನು ತೆಗೆದು ಬರೆದುಕೊಂಡರು. ಮಾತು ಬೆಳೆಯಿತು. ಮುಂದಿನ ಸಲ ಲಕ್ಷದ್ವೀಪ ಎಂದು ಇಳಕಲ್ಲಿನವರು. ಅದಕ್ಕೆ ಪರವಾನಗಿ ಬೇಕು, ಕೊಚ್ಚಿಯಿಂದ ಹಡಗು ಎಂದು ಮಾಸ್ತರು. ಹಡಗಿಗೆ ಒಂದು ದಿನ, ಬರುವಾಗ ಒಂದು ದಿನ, ನಡುವೆ ಆರಾಮಕ್ಕೆ ಎಷ್ಟು ಉಳಿಯುತ್ತದೆ ಎಂದು ಇಬ್ಬರೂ ಕಟ್ಟೆಯ ಮೇಲೆ ಹಾಳೆ ಮಗುಚಿಟ್ಟು ಗೆರೆ ಹೊಡೆಯತೊಡಗಿದರು. ಇಬ್ಬರ ಮನೆಯವರೂ ಅಷ್ಟರಲ್ಲಿ ಚುರುಮುರಿ ಪೊಟ್ಟಣ ಹಂಚಿಕೊಂಡು, ಬೀಗರಿದ್ದಾರೆಯೇ ಎಂದು ಒಂದೆರಡು ಊರಿನ ಹೆಸರು ವಿಚಾರಿಸಿ, ಇಳಕಲ್ ಸೀರೆಯ ಟೋಪ ಸೆರಗಿಗೆ ಈಗಿನ ರೇಟು ಮಾತಾಡುತ್ತ ನೀರಿನ ಕಡೆ ನಡೆದಿದ್ದರು. ಮಕ್ಕಳು ಅಲೆಯಲ್ಲಿದ್ದರು.

‘ರೀ, ಇತ್ಲಾಗ ಬರ್ರಿ! ಹೊತ್ತು ಮುಣಗೇ ಹೋತು!’

ಮಾಸ್ತರು ತಲೆ ಎತ್ತಲಿಲ್ಲ. ಗಡಿಯಾರ ನೋಡಿದರು, ಹಾಳೆ ನೋಡಿದರು.

‘ಇನ್ನೂ ನಾಕ್ ನಿಮಿಷ ಐತಿ.’