ಒಂದೇ ಒಂದು ಡೌಟು, ಅಂಕಲ್

2024ರ ಸಿಇಟಿಯಲ್ಲಿ ಜೀವಶಾಸ್ತ್ರದ ಪೇಪರು ಬೆಳಿಗ್ಗೆ 10:30ಕ್ಕೆ ಶುರುವಾಗಿ 11:50ಕ್ಕೆ ಮುಗಿದಿತ್ತು. 60 ಪ್ರಶ್ನೆ, 80 ನಿಮಿಷ. ಮಕ್ಕಳ ಕಷ್ಟ ಅಲ್ಲಿಗೆ ಮುಗಿದು ನಮ್ಮದು ಶುರುವಾಗುತ್ತದೆ. ಗೇಟಿನ ಹೊರಗೆ ಕೊಡೆ, ನೀರಿನ ಬಾಟಲಿ, ಟಿಫನ್ ಕ್ಯಾರಿಯರ್ ಹಿಡಿದು ನಿಂತವರ ಮುಂದೆ ಒಬ್ಬೊಬ್ಬರೇ ಹೊರಬರುತ್ತಾರೆ. "ಸಖತ್ ಈಝಿ ಇತ್ತು" ಎಂದು ಕೂಗಿಕೊಂಡೇ ಬರುವವನೊಬ್ಬ. ಅವನ ಮಾತನ್ನು ಹೆತ್ತ ತಾಯಿಯೂ ನಂಬುವುದಿಲ್ಲ. ಕಣ್ಣೊರೆಸಿಕೊಳ್ಳುತ್ತ ಬರುವವಳೊಬ್ಬಳು, ಅವಳಿಗೆ 55ಕ್ಕಿಂತ ಕಡಿಮೆ ಬಂದ ಚರಿತ್ರೆಯೇ ಇಲ್ಲ. ಏನು ಕೇಳಿದರೂ "ಹೂಂ" ಎಂದಷ್ಟೇ ಹೇಳಿ ನೀರು ಕುಡಿಯುವವರು ಬೇಕಾದಷ್ಟು ಜನ. ದೇವರು ಅವರನ್ನು ಚೆನ್ನಾಗಿಟ್ಟಿರಲಿ. ಇವರೆಲ್ಲರ ಹಿಂದೆ, ಪ್ರಶ್ನೆಪತ್ರಿಕೆಯನ್ನು ಉದ್ದಕ್ಕೆ ಮಡಚಿ ಹಿಡಿದು, ಗುಂಪಿನಲ್ಲಿ ಯಾರು ಸಿಗುತ್ತಾರೆಂದು ಕತ್ತು ಉದ್ದ ಮಾಡಿ ನೋಡುತ್ತ ಒಬ್ಬ ಬರುತ್ತಾನೆ. ಅವನೇ ಟ್ಯಾಲಿ ಮಾಡುವವನು.

ಟ್ಯಾಲಿ ಮಾಡುವವನ ಮೊದಲ ಮಾತು ಯಾವಾಗಲೂ "ಒಂದೇ ಒಂದು ಡೌಟು." ಒಂದು ಅನ್ನುವುದು ಪೀಠಿಕೆ. ಉಳಿದ 59 ಹಿಂದೆಯೇ ಬರುತ್ತವೆ.

ನನ್ನ ಮಗಳ ಕ್ಲಾಸಿನಲ್ಲಿ ಇಂಥವನೊಬ್ಬನಿದ್ದ. ಗೆಳೆಯರು ಅವನನ್ನು ಕೀ ಆನ್ಸರ್ ಎಂದು ಕರೆದು, ಅದೂ ಉದ್ದವಾಯಿತೆಂದು ಬರೀ ಕೀ ಮಾಡಿದ್ದರು. ಶಿರಾ ಕಡೆಯ ಹುಡುಗ. ಬೆಂಗಳೂರಲ್ಲಿ ಸೋದರಮಾವನ ಮನೆಯಲ್ಲಿದ್ದುಕೊಂಡು ಪಿಯುಸಿ ಓದುತ್ತಿದ್ದ. ಆ ಮನೆ ನಮ್ಮ ಹಿಂದಿನ ರಸ್ತೆಯಲ್ಲೇ ಇದ್ದದ್ದು ಯಾವ ಜನ್ಮದ ಋಣವೋ! ಭಾನುವಾರ ಕೋಚಿಂಗ್‌ನವರ ಮಾದರಿ ಪರೀಕ್ಷೆ ಮುಗಿದರೆ ಸಂಜೆ ಐದಕ್ಕೆ ನಮ್ಮ ಗೇಟು ಕಿರ್ ಅನ್ನುತ್ತಿತ್ತು. ಮಗಳು ಒಳಗಿನಿಂದಲೇ "ನಾನು ಮಲಗಿದೀನಿ ಅನ್ನಪ್ಪ" ಅನ್ನುವಳು. ಅವನು ಬೇಸರ ಮಾಡಿಕೊಳ್ಳದೆ ಚಪ್ಪಲಿ ಬಿಟ್ಟು ಒಳಗೆ ಬಂದು "ಪರವಾಗಿಲ್ಲ ಅಂಕಲ್, ನೀವೇ ಹೇಳಿ" ಎಂದು ಪಕ್ಕದಲ್ಲಿ ಕೂರುವನು.

ನಾನು ಬಿ.ಕಾಂ. ನನ್ನ ಜೀವಶಾಸ್ತ್ರ ಎಸ್ಸೆಸ್ಸೆಲ್ಸಿಯಲ್ಲಿ ಹೂವಿನ ಉದ್ದ ಸೀಳಿಕೆಯ ಚಿತ್ರ ಬಿಡಿಸಿದ ಕಡೆಗೇ ನಿಂತಿದೆ. ಆದರೂ ಹದಿನೇಳರ ಹುಡುಗನ ಮುಂದೆ ಗೊತ್ತಿಲ್ಲ ಅನ್ನುವುದು ಹೇಗೆ? ಕನ್ನಡಕ ಏರಿಸಿ ಪ್ರಶ್ನೆ ಓದುವೆ. ಹೇಳಿಕೆ ಒಂದು ಸರಿ, ಹೇಳಿಕೆ ಎರಡು ತಪ್ಪು, ಎರಡೂ ಸರಿ, ಆದರೆ ಎರಡನೆಯದು ಒಂದನೆಯದಕ್ಕೆ ವಿವರಣೆಯಲ್ಲ, ಎರಡೂ ತಪ್ಪು. ಇಷ್ಟನ್ನು ಓದಿ ಮುಗಿಸುವಷ್ಟರಲ್ಲಿ ಪ್ರಶ್ನೆ ಏನಿತ್ತೆಂಬುದೇ ಮರೆತಿರುತ್ತಿತ್ತು. ಸಾಲದ ಅರ್ಜಿ ನೋಡಿ ನೋಡಿ ಪಳಗಿದ ಗಾಂಭೀರ್ಯದಲ್ಲಿ "ಬಿ ಇರಬೇಕು" ಅನ್ನುವೆ. "ನಾನೂ ಅದೇ ಹಾಕಿದ್ದು ಅಂಕಲ್!" ಎಂದು ಅವನ ಮುಖ ಅರಳುವುದು. ಅಂಥ ವೇಳೆಯಲ್ಲಿ ಅವನು ಬಹಳ ಒಳ್ಳೆಯ ಹುಡುಗ ಅನಿಸುತ್ತಿದ್ದ.

ಒಂದು ಭಾನುವಾರ ನಮ್ಮಮ್ಮ ನಡುಮನೆಯಲ್ಲಿ ಕಾಲು ಚಾಚಿ ಅವರೆಕಾಯಿ ಸುಲಿಯುತ್ತಿದ್ದರು. ಕೀ ಬಂದವನೇ ಅವರ ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತು, ಕೇಳದೆಯೇ ಸುಲಿಯಲು ಕೈಹಾಕಿ, ಒಳಕೋಣೆಯ ಬಾಗಿಲಿಗೆ ಕೇಳುವ ಹಾಗೆ ಕೂಗಿದ: "ಗಂಡು ಜೇನಿಗೆ ಅಪ್ಪ ಇರಲ್ಲ, ಅಜ್ಜ ಇರ್ತಾನೆ. ಗಂಡುಮಗ ಹುಟ್ಟಲ್ಲ, ಮೊಮ್ಮಗ ಹುಟ್ತಾನೆ. ಸರಿ ತಾನೇ?"

ಅಮ್ಮನ ಕೈ ನಿಂತಿತು. "ಯಾರ ಮನೆ ವಿಷಯವೋ ಇದು?"

ಕೀಗೆ ಅಷ್ಟೇ ಸಾಕಿತ್ತು. ಅವರೆಕಾಳನ್ನೇ ಎಣಿಸಿ ನೆಲದ ಮೇಲೆ ಜೋಡಿಸಿದ. ರಾಣಿಗೆ 32 ಕಾಳು, ಗಂಡಿಗೆ 16. ಅವು ಕ್ರೋಮೋಸೋಮುಗಳು. ರಾಣಿ ಇಟ್ಟ ಮೊಟ್ಟೆಗೆ ವೀರ್ಯ ಸೇರಿದರೆ ಹೆಣ್ಣು, ಸೇರದಿದ್ದರೆ ಗಂಡು. ಸೇರದೆ ಹುಟ್ಟಿದವನಿಗೆ ಅಪ್ಪ ಎಲ್ಲಿಂದ ಬರಬೇಕು? ಆದರೆ ಅವನ ತಾಯಿಗೆ ಅಪ್ಪ ಇದ್ದನಲ್ಲ, ಅವನೇ ಅಜ್ಜ. ಇನ್ನು ಇವನ ವೀರ್ಯ ಸೇರಿದ ಮೊಟ್ಟೆಯೆಲ್ಲ ಹೆಣ್ಣೇ ಆಗುವುದರಿಂದ ಇವನಿಗೆ ಗಂಡುಮಗನಿಲ್ಲ.

ಅಮ್ಮ ಬಹಳ ಹೊತ್ತು ಆ ಕಾಳುಗಳನ್ನೇ ನೋಡಿದರು. ಆಮೇಲೆ ನಿಜವಾದ ಕಳವಳದಲ್ಲಿ ಕೇಳಿದರು: "ಹಾಗಾದ್ರೆ ಅದಕ್ಕೆ ತಿಥಿ ಮಾಡೋರು ಯಾರು?"

"ಮಗಳ ಮಗ, ಅಜ್ಜಿ" ಎಂದ ಕೀ, ಅರೆಕ್ಷಣವೂ ಯೋಚಿಸದೆ.

"ದೌಹಿತ್ರ ಮಾಡಬಹುದು, ಶಾಸ್ತ್ರದಲ್ಲಿದೆ" ಎಂದು ಅಮ್ಮ ಸಮಾಧಾನದಿಂದ 48 ಕಾಳುಗಳನ್ನೂ ಬಾಚಿ ಬೋಗುಣಿಗೆ ಹಾಕಿಕೊಂಡರು. ಒಳಗೆ ಮಲಗಿದ್ದವಳು ಎದ್ದು ಬಂದು ಬಾಗಿಲಿಗೊರಗಿ ನಗುತ್ತಿದ್ದಳು. ಆ ಪ್ರಶ್ನೆಯನ್ನು ಅವಳು ತಪ್ಪು ಮಾಡಿದ್ದಳಂತೆ. ಮತ್ತೆಂದೂ ಮಾಡಲಿಲ್ಲ. ಹಿತಕಿದ ಅವರೆಕಾಳಿನ ಸಾರು ಉಂಡೇ ಅವನು ಮನೆಗೆ ಹೋದದ್ದು.

ಮನೆಯಲ್ಲಿ ಇಷ್ಟು ಮುದ್ದಾಗಿದ್ದವನು ಪರೀಕ್ಷಾ ಕೇಂದ್ರದ ಹೊರಗೆ ಶತ್ರುವಾಗುತ್ತಾನೆ. 2024ರ ಏಪ್ರಿಲ್ 18. ಬೆಳಿಗ್ಗೆ ಜೀವಶಾಸ್ತ್ರ, ಮಧ್ಯಾಹ್ನ 2:30ಕ್ಕೆ ಗಣಿತ. ನಡುವೆ ಉಣ್ಣಬೇಕು, ಒಂದಿಷ್ಟು ಸೂತ್ರ ಕಣ್ಣಾಡಿಸಬೇಕು, ಸಾಧ್ಯವಾದರೆ ಹತ್ತು ನಿಮಿಷ ಕಣ್ಣುಮುಚ್ಚಬೇಕು. ಹೊಂಗೆಮರದ ನೆರಳಲ್ಲಿ ಮಗಳು ಚಿತ್ರಾನ್ನದ ಡಬ್ಬಿ ತೆರೆದಿದ್ದಳಷ್ಟೇ. "ಒಂದೇ ಒಂದು ಡೌಟು" ಕೇಳಿಸಿತು. ಕೈಯಲ್ಲಿ ಪ್ರಶ್ನೆಪತ್ರಿಕೆ, ಒಎಂಆರ್ ಹಾಳೆಯ ಅಭ್ಯರ್ಥಿ ಪ್ರತಿ, ಕಿವಿಯ ಹಿಂದೆ ಪೆನ್ನು.

ನಕಲು ತಡೆಯಲೆಂದು ಪ್ರಶ್ನೆಪತ್ರಿಕೆಗೆ ಬೇರೆ ಬೇರೆ ವರ್ಷನ್ ಕೋಡ್ ಇರುತ್ತದೆ. ಇವನ ಹದಿನೇಳನೆಯದು ಅವಳ ನಲವತ್ತೊಂದನೆಯದು. ಪರೀಕ್ಷಾ ಪ್ರಾಧಿಕಾರದವರು ಟ್ಯಾಲಿ ಮಾಡುವವರಿಗೂ ಇದರಿಂದ ಅಡ್ಡಿಯಾಗುತ್ತದೆ ಎಂದುಕೊಂಡಿದ್ದರೆ ಅವರು ನಮ್ಮ ಕೀಯನ್ನು ಕಂಡಿಲ್ಲ. ನಾಲ್ಕು ವರ್ಷನ್‌ನವರನ್ನು ಹಿಡಿದು ತಂದು ಸುತ್ತ ಕೂರಿಸಿದ್ದ. ಯಾವ ಉತ್ತರಕ್ಕೆ ಯಾರು ಎದುರಾಡಿದರೂ ಒಂದೇ ತೀರ್ಪು: "ಎನ್‌ಸಿಇಆರ್‌ಟಿಯಲ್ಲಿ ಲೈನೇ ಇದೆ. ಎಡಗಡೆ ಪೇಜು, ಕೆಳಗಿನ ಪ್ಯಾರಾ." ಒಂದೊಂದು ತೀರ್ಪಿಗೂ ಒಂದೊಂದು ಮುಖ ಬಾಡುತ್ತಿತ್ತು. "ಅಯ್ಯೋ, ಸರಿ ಹಾಕೋಕೆ ಹೋಗಿ ಕೊನೇಲಿ ಮನಸ್ಸು ಬದಲಾಯಿಸಿದೆ ಕಣೋ" ಎಂದು ಒಬ್ಬ ಹಣೆ ಚಚ್ಚಿಕೊಂಡ. ಇನ್ನೊಬ್ಬಳು ಕಿವಿ ಮುಚ್ಚಿಕೊಂಡು ತ್ರಿಕೋನಮಿತಿ ಗಟ್ಟಿಯಾಗಿ ಹೇಳಿಕೊಳ್ಳತೊಡಗಿದಳು. ನನ್ನ ಮಗಳ ಕೈಯ ತುತ್ತು ಕೈಯಲ್ಲೇ ಇತ್ತು. ಹೊಸ ಎನ್‌ಸಿಇಆರ್‌ಟಿ ಪುಸ್ತಕದಿಂದ ಜೀರ್ಣಕ್ರಿಯೆಯ ಪಾಠವನ್ನೇ ತೆಗೆದುಹಾಕಿದ್ದಾರೆಂದು ಅವಳೇ ಹೇಳಿದ್ದಳು. ತೆಗೆದದ್ದು ನ್ಯಾಯವೇ ಅನಿಸಿತು.

"ಅವಳು ಉಣ್ಣಲಿ ಕಣಪ್ಪ" ಎಂದೆ.

"ಉಣ್ಲಿ ಅಂಕಲ್, ಹೇಳೋದಕ್ಕೆ ಬಾಯಿ ಬೇಡ. ಎ, ಬಿ, ಸಿ, ಡಿ ಬೆರಳಲ್ಲಿ ತೋರಿಸಲಿ ಸಾಕು."

ಇಂಥವನನ್ನು ಏನು ಮಾಡುವುದು? ಆ ವರ್ಷದ ಪೇಪರು ನಿಜಕ್ಕೂ ಕೆಟ್ಟದಾಗಿತ್ತು. ಸಿಲಬಸ್‌ನಿಂದ ಕೈಬಿಟ್ಟ ಪಾಠಗಳಿಂದಲೂ ಪ್ರಶ್ನೆ ಬಂದಿದ್ದವು. ಅದನ್ನು ಮರದಡಿಯಲ್ಲಿ ಮೊದಲು ಪತ್ತೆಹಚ್ಚಿದವನೂ ಇವನೇ. "ಇದು ಔಟ್ ಆಫ್ ಸಿಲಬಸ್" ಎಂದು ಅವನು ಘೋಷಿಸಿದಾಗ ಹಣೆ ಚಚ್ಚಿಕೊಂಡಿದ್ದ ಹುಡುಗ ಅವನನ್ನು ತಬ್ಬಿಕೊಂಡ. ತಪ್ಪಾಗಿದ್ದಕ್ಕೆ ತಾನು ಕಾರಣನಲ್ಲ ಎಂಬುದು ಅಂಥ ಹೊತ್ತಿನಲ್ಲಿ ಎಷ್ಟು ದೊಡ್ಡ ಉಪಕಾರ!

ಆಗಲೇ ಅವನ ಫೋನು ಬಡಿದುಕೊಂಡದ್ದು. ಸ್ವಲ್ಪ ಪಕ್ಕಕ್ಕೆ ಹೋದ. ನಾನು ಕೈತೊಳೆಯಲು ಹೋಗಿದ್ದ ನಲ್ಲಿ ಅಲ್ಲೇ ಇತ್ತು. ಆ ಕಡೆಯ ದನಿ ಊರಿಗೇ ಕೇಳುವಂತಿತ್ತು: "ಎಷ್ಟು ಬತ್ತದೆ ಮಗಾ?" ಇವನ ಲೆಕ್ಕ ಅದೇ ತಾನೇ ನಮ್ಮೆದುರು ಮುಗಿದಿತ್ತು, 43. ಪ್ರಶ್ನೆಪತ್ರಿಕೆಯ ಹಿಂದೆ ಬರೆದು ಸುತ್ತ ಗೆರೆಯನ್ನೂ ಎಳೆದಿದ್ದ. ಆ ಗೆರೆಯ ಮೇಲೆ ಬೆರಳಾಡಿಸುತ್ತ "ಐವತ್ತರ ಮ್ಯಾಲೇನೇ ಅಪ್ಪಯ್ಯ" ಎಂದ.

ಊರೆಲ್ಲರ ತಪ್ಪನ್ನು ಪುಟದ ಸಮೇತ ಹೇಳುವವನಿಗೆ ಅಪ್ಪನಿಗೆ ಹೇಳಲೊಂದು ಅಂಕಿ ಬೇಕಿತ್ತು, ಅದಕ್ಕೇ ಅಷ್ಟು ಅವಸರ. ಫಲಿತಾಂಶ ಬರುವವರೆಗೆ ಕಾಯಿರಿ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಬಸ್ಸಿಳಿದ ಕೂಡಲೇ ಅಂಗಡಿಯವರಿಂದ ಹಿಡಿದು ದೇವಸ್ಥಾನದ ಕಟ್ಟೆಯವರೆಗೆ ಎಷ್ಟು, ಎಷ್ಟು ಎಂದು ಕೇಳುವವರೂ ನಾವೇ. ಮಕ್ಕಳು ಪರೀಕ್ಷೆಯನ್ನು ಮರೆಯಬೇಕೆನ್ನುವ ನಾವು ಗೇಟಿನ ಹತ್ತಿರ ಮೊದಲು ನೀರು ಕೊಡುತ್ತೇವೋ, "ಹೇಗಿತ್ತು?" ಅನ್ನುತ್ತೇವೋ? ಆದರೆ ಹೀಗೆ ಅವನ ಪರವಾಗಿ ನನ್ನ ಮನಸ್ಸು ಕರಗುತ್ತಿರುವಾಗಲೇ ಅವನು ವಾಪಸು ಬಂದು "ನಿಂದು ಎಷ್ಟಾಯ್ತು, ಟೋಟಲ್ ಹೇಳಲೇ ಇಲ್ಲ?" ಎಂದು ಮಗಳನ್ನು ಕೇಳಿದ. ಕರಗಿದ್ದು ಮತ್ತೆ ಗಟ್ಟಿಯಾಯಿತು.

ಮುಂದಿನದು ರಾಜ್ಯಕ್ಕೆಲ್ಲ ಗೊತ್ತಿರುವುದೇ. ಸಿಲಬಸ್ಸಿನಲ್ಲಿಲ್ಲದ ಪ್ರಶ್ನೆಗಳ ಬಗ್ಗೆ ಗದ್ದಲವಾಗಿ, ನಾಲ್ಕು ವಿಷಯಗಳಿಂದ ಒಟ್ಟು 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದಲೇ ಕೈಬಿಟ್ಟರು. ಮರದಡಿಯಲ್ಲಿ ಚಿತ್ರಾನ್ನ ಒಣಗಿಸಿಕೊಂಡು ಜಗಳವಾಡಿದ ಪ್ರಶ್ನೆಗಳು ಹಲವು ಲೆಕ್ಕದಿಂದಲೇ ಹೋದವು. ಅಂದು ರಾತ್ರಿ ಒಂಬತ್ತೂವರೆಗೆ ನಮ್ಮ ಗೇಟು ಕಿರ್ ಎಂದಿತು. "ಅಂಕಲ್, ತಪ್ಪಾಗಿದ್ದೂ ಹೋಯ್ತು, ಸರಿಯಾಗಿದ್ದೂ ಹೋಯ್ತು. ಮೊದಲಿಂದ ಟ್ಯಾಲಿ ಮಾಡಬೇಕು." ಮೇ 5ರ ನೀಟ್ ಮುಗಿದ ಮೇಲೂ ಬಂದ. ಅಲ್ಲಿ ಸರಿಗೆ 4 ಅಂಕ, ತಪ್ಪಿಗೆ 1 ಕಡಿತವಾದ್ದರಿಂದ ಅವನ ಲೆಕ್ಕಕ್ಕೆ ಕಳೆಯುವ ಸುಖವೂ ಸೇರಿಕೊಂಡಿತ್ತು. ಆ ಲೆಕ್ಕ ಒಂದು ಅಂಕವೂ ಆಚೀಚೆಯಾಗಲಿಲ್ಲ. ಆದರೆ ಜೂನ್‌ನಲ್ಲಿ ಮೊದಲು ಬಂದ ಫಲಿತಾಂಶದಲ್ಲಿ 720ಕ್ಕೆ 720 ತೆಗೆದವರೇ 67 ಜನ! ಇವನ ಅಂಕಿಗೆ ಯಾವ ಕಾಲೇಜಿನ ಬಾಗಿಲೂ ತೆರೆಯುವಂತಿರಲಿಲ್ಲ. ಎರಡು ದಿನ ಗೇಟು ಸುಮ್ಮನಿತ್ತು. "ಕೀ ಯಾಕೆ ಬರ್ಲಿಲ್ಲ?" ಎಂದು ಮೊದಲು ಕೇಳಿದ್ದು, ಮಲಗಿದ್ದೀನಿ ಅನ್ನು ಎಂದು ಹೇಳಿಕೊಡುತ್ತಿದ್ದ ನನ್ನ ಮಗಳು.

ಅಪ್ಪನ ಹೊಲದ ದೆಸೆಯಿಂದ ಬಿ.ಎಸ್ಸಿ. ಕೃಷಿಗೆ ಕೃಷಿಕರ ಕೋಟಾದಲ್ಲಿ ಅರ್ಜಿ ಹಾಕಿದ್ದ. ಅದಕ್ಕೊಂದು ಪ್ರಾಯೋಗಿಕ ಪರೀಕ್ಷೆ ಇರುತ್ತದೆ. ಬೀಜ, ಉಪಕರಣ ಇಂಥವನ್ನು ಗುರುತಿಸಬೇಕು. ಆ ದಿನ ನಾನು ಆಫೀಸಿನಲ್ಲಿದ್ದಾಗ ಫೋನು ಬಂತು. ಹಿಂದೆ ಒಂದು ಹಿಂಡು ಹುಡುಗರ ಗಲಾಟೆ.

"ಅಂಕಲ್, ಒಂದೇ ಒಂದು ಡೌಟು. ಸಣ್ಣಕ್ಕಿರುತ್ತಲ್ಲ, ಹಳದಿ ಬಣ್ಣ, ನುಣ್ಣಗೆ ಹೊಳೆಯುತ್ತೆ, ಅದು ನವಣೆನೋ ಸಾಮೆನೋ?"

ನಮ್ಮಜ್ಜಿ ಮೊರ ಹಿಡಿದು ಕೇರುತ್ತಿದ್ದದ್ದನ್ನು ನೋಡಿ ಬೆಳೆದವನು ನಾನು. ಜೀವಮಾನದಲ್ಲಿ ಮೊದಲ ಸಲ ಅವನ ಪ್ರಶ್ನೆಗೆ ಉತ್ತರ ನಿಜವಾಗಿಯೂ ಗೊತ್ತಿತ್ತು. ಕುರ್ಚಿಯಿಂದ ಎದ್ದು ನಿಂತೇ ಹೇಳಿದೆ: "ನವಣೆ! ಅನುಮಾನವೇ ಬೇಡ."

ಆ ಕಡೆ ಸ್ವಲ್ಪ ಗುಸುಗುಸು. ಆಮೇಲೆ ಕೀ ಹೇಳಿದ: "ಇಲ್ಲ ಅಂಕಲ್, ಇಲ್ಲೊಬ್ಬ ಬರಗು ಅಂತಿದಾನೆ. ಲೈನ್‌ನಲ್ಲೇ ಇರಿ, ಅಜ್ಜಿಗೆ ಕಾನ್ಫರೆನ್ಸ್ ಹಾಕ್ತೀನಿ."