ನಾಲ್ಕೇ ಗಂಟೆಯ ಅಮೆರಿಕ

ಮಗಳ ಮನೆಗೆಂದು ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ನೇರ ವಿಮಾನದ ಟಿಕೆಟ್ ತೆಗೆಸಿದ್ದೆ. ಅಮ್ಮ ಕನ್ನಡಕ ಏರಿಸಿ ಓದಿದರು. "ಮಧ್ಯಾಹ್ನ 2ಕ್ಕೆ ಹೊರಟು ಅವತ್ತೇ ಸಂಜೆ 6ಕ್ಕೆ ತಲುಪ್ತೀಯ. ನಾಲ್ಕೇ ಗಂಟೆ! ಬಸ್ಸಲ್ಲಿ ಹಾಸನಕ್ಕೆ ಹೋದಷ್ಟು. ಅದಕ್ಕೆ ಇಷ್ಟು ದುಡ್ಡೇನೋ?"

ದೂರ ಸುಮಾರು 14,000 ಕಿ.ಮೀ., ಕೂರುವುದು ಹದಿನಾರೂವರೆ ಗಂಟೆ, ಬೇಸಿಗೆಯಲ್ಲಿ ಅಲ್ಲಿಯ ಗಡಿಯಾರ ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ ಎಂದೆಲ್ಲ ವಿವರಿಸಿದೆ. "ಕೆಟ್ಟಿದ್ರೆ ರಿಪೇರಿ ಮಾಡಿಸ್ಕೋಬಾರ್ದೇ?" ಎಂದರು.

ಸೋಲೊಪ್ಪದೆ ತಮ್ಮನ ಮಗನ ಗ್ಲೋಬಿನ ಮೇಲೆ ಹೂ ಕಟ್ಟುವ ದಾರ ಎಳೆದು ಹಿಡಿದೆ. ಅದು ಪೂರ್ವಕ್ಕೂ ಹೋಗದೆ ಪಶ್ಚಿಮಕ್ಕೂ ಹೋಗದೆ ಉತ್ತರ ಧ್ರುವದತ್ತ ಹತ್ತಿಬಿಟ್ಟಿತು. ದುಂಡಗಿನ ಭೂಮಿಯ ಮೇಲೆ ಅದೇ ಹತ್ತಿರದ ದಾರಿ ಎಂದೆ. ಅಮ್ಮ ಮಾತಾಡದೆ ಪೆಟ್ಟಿಗೆಗೆ ಮಂಕಿ ಟೋಪಿ ತುರುಕಿದರು.

ಹದಿನಾರೂವರೆ ಗಂಟೆಯ ಲೆಕ್ಕವೇನೋ ಪಕ್ಕಾ. ಜಯನಗರದಿಂದ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಎಷ್ಟು ಹೊತ್ತು ಎನ್ನುವುದನ್ನು ಮಾತ್ರ ಯಾವ ಗ್ಲೋಬೂ ಹೇಳಲಿಲ್ಲ; ಹೆಬ್ಬಾಳದಲ್ಲೇ ನನಗೆ ಅರ್ಧ ಅಮೆರಿಕ ದಾಟಿದಷ್ಟು ಆಯಾಸ.

ವಾಪಸು ಬರುವಾಗ ಶುಕ್ರವಾರ ರಾತ್ರಿ 9ಕ್ಕೆ ಹತ್ತಿದವನು ಇಳಿದದ್ದು ಭಾನುವಾರ ನಸುಕಿಗೆ. ಶನಿವಾರ ಒಪ್ಪತ್ತು ಮಾಡುವ ನಾನು ಆಕಾಶದಲ್ಲಿ ಶನಿವಾರವೇ ಸಿಗದೆ, ಕೊಟ್ಟ ಊಟದ ತಟ್ಟೆಗಳನ್ನೆಲ್ಲ ನಿಶ್ಚಿಂತೆಯಿಂದ ಖಾಲಿ ಮಾಡಿದ್ದೆ. ಅಮ್ಮನಿಗೆ ಹೇಳಿದೆ. ಅವರು ಕ್ಯಾಲೆಂಡರ್ ನೋಡಿ, "ಇಲ್ಲಿ ಇತ್ತಲ್ಲೋ" ಎಂದು ಅವತ್ತು ಅಡುಗೆಮನೆಗೆ ಬೀಗ ಹಾಕಿದರು.